ನ್ಯಾನೋ ಗೊಬ್ಬರ: ಬಾಟಲಿಯಲ್ಲಿ ಇರೋದೆಷ್ಟು, ಬೆಳೆಗೆ ಬೇಕಾಗೋದೆಷ್ಟು?

2025ರ ಮುಂಗಾರಿನಲ್ಲಿ ಮಳೆ ಬೇಗ ಬಂತು, ಮೆಕ್ಕೆಜೋಳದ ಬಿತ್ತನೆ ಹೆಚ್ಚಾಯ್ತು, ಯೂರಿಯಾ ಸಾಕಾಗಲಿಲ್ಲ. ರಾಜ್ಯದ ಹಲವು ಜಿಲ್ಲೆಗಳಲ್ಲಿ ರೈತರು ಗೊಬ್ಬರದ ಅಂಗಡಿಗಳ ಮುಂದೆ ಸಾಲು ನಿಂತರು. ಕೇಂದ್ರ ಕಡಿಮೆ ಕೊಟ್ಟಿದೆ ಅಂತ ರಾಜ್ಯ, ರಾಜ್ಯವೇ ಸರಿಯಾಗಿ ಹಂಚಿಲ್ಲ ಅಂತ ಕೇಂದ್ರ. ಈ ಜಗಳದ ನಡುವೆ ಒಂದು ಸಲಹೆ ಮಾತ್ರ ಮತ್ತೆ ಮತ್ತೆ ಕೇಳಿಬರುತ್ತಿತ್ತು: ಯೂರಿಯಾ ಸಿಗದಿದ್ದರೆ ನ್ಯಾನೋ ಯೂರಿಯಾ ಬಳಸಿ.

ಆ ಸಲಹೆ ಸರಿಯೋ ತಪ್ಪೋ ಅಂತ ಹೇಳೋಕೆ ಯಾವ ಪಕ್ಷದ ಕಣ್ಣಡಕವೂ ಬೇಡ. ಬೇಕಾಗಿರೋದು ಹೈಸ್ಕೂಲಿನ ಲೆಕ್ಕ, ಸ್ವಲ್ಪ ಸಸ್ಯಶಾಸ್ತ್ರ. ನ್ಯಾನೋ ಅಂದ ತಕ್ಷಣ 'ಭವಿಷ್ಯದ ತಂತ್ರಜ್ಞಾನ' ಅಂತ ಚಪ್ಪಾಳೆ ತಟ್ಟುವವರೂ ಇದ್ದಾರೆ, 'ಎಲ್ಲಾ ಮೋಸ' ಅಂತ ತಳ್ಳಿಹಾಕುವವರೂ ಇದ್ದಾರೆ. ನನ್ನ ಪ್ರಕಾರ ಇಬ್ಬರೂ ಅವಸರದಲ್ಲಿದ್ದಾರೆ. ನ್ಯಾನೋ ವಸ್ತುಗಳು ಬೆಳೆಗೆ ಏನು ಮಾಡುತ್ತವೆ ಅನ್ನೋದು ಯಾವ ವಸ್ತು, ಎಷ್ಟು ಪ್ರಮಾಣ, ಯಾವ ಪೋಷಕಾಂಶ ಅನ್ನೋದರ ಮೇಲೆ ನಿಂತಿದೆ. ಅದನ್ನೇ ಇಲ್ಲಿ ಒಂದೊಂದಾಗಿ ಬಿಡಿಸಿ ನೋಡೋಣ.

ನ್ಯಾನೋ ಅಂದ್ರೆ ಏನು?

ಒಂದು ನ್ಯಾನೋಮೀಟರ್ ಅಂದರೆ ಒಂದು ಮೀಟರಿನ 100 ಕೋಟಿ ಭಾಗಗಳಲ್ಲಿ ಒಂದು ಭಾಗ. ನಿಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರದಿಂದ 1 ಲಕ್ಷ ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳನ್ನು ನ್ಯಾನೋ ಕಣ ಅಂತಾರೆ. ಪ್ರಕೃತಿಯಲ್ಲೂ ಇಂಥವು ಇವೆ, ಜ್ವಾಲಾಮುಖಿಯ ಬೂದಿಯಲ್ಲಿ, ಜೇಡಿಮಣ್ಣಿನಲ್ಲಿ. ಉದ್ದೇಶಪೂರ್ವಕವಾಗಿ, ಅಳೆದು ತಯಾರಿಸಿದವನ್ನು ಮಾತ್ರ ವಿಜ್ಞಾನಿಗಳು ಬೇರೆ ಗುಂಪಾಗಿ ನೋಡುತ್ತಾರೆ. ಸತುವಿನ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್, ಬೆಳ್ಳಿ, ಇಂಗಾಲದ ನ್ಯಾನೋ ಕೊಳವೆ, ಇವೆಲ್ಲ ಆ ಗುಂಪಿನವು.

ಇಷ್ಟು ಚಿಕ್ಕದು ಮಾಡೋದ್ಯಾಕೆ? ಒಂದು ಬೆಲ್ಲದ ಅಚ್ಚು ನೀರಲ್ಲಿ ಕರಗೋಕೆ ಎಷ್ಟು ಹೊತ್ತು ಬೇಕು, ಅದನ್ನೇ ಪುಡಿ ಮಾಡಿದರೆ ಎಷ್ಟು ಬೇಗ ಕರಗುತ್ತೆ ಯೋಚಿಸಿ. ತೂಕ ಅಷ್ಟೇ, ನೀರಿಗೆ ತಾಗುವ ಮೇಲ್ಮೈ ಮಾತ್ರ ಹೆಚ್ಚಾಗುತ್ತೆ. ನ್ಯಾನೋ ಮಟ್ಟದಲ್ಲಿ ಈ ಹೆಚ್ಚಳ ಎಷ್ಟು ದೊಡ್ಡದೆಂದರೆ, ವಸ್ತುವಿನ ನಡವಳಿಕೆಯೇ ಬದಲಾಗಬಹುದು. ಮಣ್ಣಿನಲ್ಲಿ ಸುಮ್ಮನೆ ಬಿದ್ದಿರುತ್ತಿದ್ದ ಒಂದು ಖನಿಜ ಗಿಡಕ್ಕೆ ಸುಲಭವಾಗಿ ಸಿಗುವಂತಾಗಬಹುದು. ಅದೇ ಕಾರಣಕ್ಕೆ, ನಿರುಪದ್ರವಿಯಾಗಿದ್ದದ್ದು ಬೇರಿಗೆ ವಿಷವೂ ಆಗಬಹುದು.

ಗಿಡದೊಳಗೆ ಹೋಗೋದು ಹೇಗೆ?

ದಾರಿ ಎರಡು. ಒಂದು ಬೇರು, ಇನ್ನೊಂದು ಎಲೆ. ಎಲೆಯ ಮೇಲೆ ಸಿಂಪಡಿಸಿದರೆ ಪತ್ರರಂಧ್ರಗಳ ಮೂಲಕ, ಅಂದರೆ ಗಿಡ ಉಸಿರಾಡುವ ಸೂಕ್ಷ್ಮ ಬಾಯಿಗಳ ಮೂಲಕ, ಕಣಗಳು ಒಳಗೆ ಹೋಗಬಹುದು. ಈ ರಂಧ್ರಗಳು ನ್ಯಾನೋ ಕಣಕ್ಕೆ ಹೋಲಿಸಿದರೆ ಊರಬಾಗಿಲಿನಷ್ಟು ದೊಡ್ಡವು. ಆದರೆ ಒಳಗೆ ಹೋದ ಮೇಲೆ ಜೀವಕೋಶದ ಗೋಡೆ ಇದೆ. ಅದರ ತೂತುಗಳು ಬರೀ ಕೆಲವು ನ್ಯಾನೋಮೀಟರಿನಿಂದ ಸುಮಾರು 20 ನ್ಯಾನೋಮೀಟರಿನಷ್ಟು ಮಾತ್ರ. ದೊಡ್ಡ ಬಾಗಿಲು ದಾಟಿದವರೆಲ್ಲ ಪಡಸಾಲೆ ದಾಟುತ್ತಾರೆ ಅಂತ ಹೇಳೋಕಾಗಲ್ಲ.

ಇನ್ನೊಂದು ವಿಷಯ. ಸತುವಿನ ಆಕ್ಸೈಡಿನಂಥ ಕಣಗಳು ದಾರಿಯಲ್ಲೇ ಕರಗಿ ಅಯಾನುಗಳಾಗುತ್ತವೆ. ಹಾಗಾದರೆ ಗಿಡಕ್ಕೆ ಉಪಯೋಗ ಆಗಿದ್ದು ನ್ಯಾನೋ ಗಾತ್ರದಿಂದಲೋ, ಬರೀ ಸತುವಿನಿಂದಲೋ? ಇದನ್ನು ಕಂಡುಹಿಡಿಯೋಕೆ ಒಳ್ಳೆಯ ಪ್ರಯೋಗದಲ್ಲಿ ಮೂರು ಸಾಲು ಗಿಡ ಇಡುತ್ತಾರೆ: ನ್ಯಾನೋ ರೂಪ ಕೊಟ್ಟವು, ಅದೇ ವಸ್ತುವಿನ ಸಾಮಾನ್ಯ ಪುಡಿ ಕೊಟ್ಟವು, ಕರಗಿದ ಲವಣ ಕೊಟ್ಟವು. ಈ ಮೂರನ್ನೂ ಹೋಲಿಸದೆ 'ನ್ಯಾನೋದಿಂದ ಇಳುವರಿ ಹೆಚ್ಚಿತು' ಅಂತ ಯಾರಾದರೂ ಹೇಳಿದರೆ ನೀವು ನಂಬಬೇಕಾಗಿಲ್ಲ.

ಕೆಲಸ ಮಾಡಿದ ಒಂದು ಉದಾಹರಣೆ: ತಿರುಪತಿಯ ಶೇಂಗಾ

ನಮ್ಮ ಪಕ್ಕದ ಆಂಧ್ರದ್ದೇ ಒಂದು ಅಧ್ಯಯನ ಇದೆ. ಆಚಾರ್ಯ ಎನ್.ಜಿ. ರಂಗಾ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ತಿರುಪತಿಯ ವಿಜ್ಞಾನಿ ಟಿ.ಎನ್.ವಿ.ಕೆ.ವಿ. ಪ್ರಸಾದ್ ಮತ್ತು ತಂಡ 2012ರಲ್ಲಿ ಪ್ರಕಟಿಸಿದ್ದು. ಶೇಂಗಾ ಬೀಜಕ್ಕೆ ನ್ಯಾನೋ ಸತುವಿನ ಆಕ್ಸೈಡ್ ಉಪಚಾರ ಮಾಡಿದರು. 1000 ಪಿಪಿಎಂ ಸಾಂದ್ರತೆಯಲ್ಲಿ ಮೊಳಕೆಯೂ ಸಸಿಯ ಬೆಳವಣಿಗೆಯೂ ಚೆನ್ನಾಗಿತ್ತು. 2000 ಪಿಪಿಎಂಗೆ ಏರಿಸಿದಾಗ ಅದೇ ವಸ್ತು ಬೆಳವಣಿಗೆಯನ್ನು ಕುಗ್ಗಿಸಿತು. ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಲಾಭ ಅನ್ನೋ ನಮ್ಮ ಲೆಕ್ಕಾಚಾರ ಇಲ್ಲಿ ನಡೆಯಲ್ಲ.

ಆಮೇಲೆ ಹೊಲದಲ್ಲಿ ಎಲೆಗೆ ಸಿಂಪಡಿಸಿ ನೋಡಿದರು. ಮಾರುಕಟ್ಟೆಯಲ್ಲಿ ಸಿಗುವ ಕಿಲೇಟ್ ರೂಪದ ಸತುವಿಗಿಂತ 15 ಪಟ್ಟು ಕಡಿಮೆ ಪ್ರಮಾಣದಲ್ಲಿ ನ್ಯಾನೋ ಸತು ಬಳಸಿದರೂ ಕಾಯಿ ಇಳುವರಿ ಎರಡು ಹಂಗಾಮುಗಳಲ್ಲಿ ಕ್ರಮವಾಗಿ ಶೇ. 29.5 ಮತ್ತು ಶೇ. 26.3ರಷ್ಟು ಹೆಚ್ಚು ಬಂತು.

ಇದು ಯಾಕೆ ನಂಬಲರ್ಹ ಅನ್ನಿಸುತ್ತೆ? ಸತು ಕಿರುಪೋಷಕಾಂಶ. ಒಂದು ಹೆಕ್ಟೇರ್ ಬೆಳೆ ಇಡೀ ಹಂಗಾಮಿನಲ್ಲಿ ಹೀರಿಕೊಳ್ಳೋದು ಗ್ರಾಂ ಲೆಕ್ಕದಲ್ಲಿ. ಮಣ್ಣಿಗೆ ಸತುವಿನ ಸಲ್ಫೇಟ್ ಹಾಕಿದರೆ ಹೆಚ್ಚಿನ ಪಾಲು ಮಣ್ಣಲ್ಲೇ ಕಟ್ಟಿಕೊಂಡು ಕೂರುತ್ತೆ. ಹಾಗಾಗಿ ಬೇಕಾದ ಕೆಲವೇ ಗ್ರಾಂಗಳನ್ನು ನೇರವಾಗಿ ಎಲೆಗೆ ತಲುಪಿಸುವ ಉಪಾಯಕ್ಕೆ ಇಲ್ಲಿ ಜಾಗ ಇದೆ. ಭಾರತದ ಮಣ್ಣಿನ ಮಾದರಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವುಗಳಲ್ಲಿ ಸತುವಿನ ಕೊರತೆ ಇದೆ. ಮಣ್ಣಲ್ಲಿ ಇಲ್ಲದ್ದು ಕಾಳಿಗೆ ಬರಲ್ಲ, ಕಾಳಲ್ಲಿ ಇಲ್ಲದ್ದು ತಟ್ಟೆಗೆ ಬರಲ್ಲ. ಆದ್ದರಿಂದ ಈ ಸಂಶೋಧನೆ ಮುಂದುವರಿಯಲೇಬೇಕು ಅನ್ನೋದರಲ್ಲಿ ನನಗೆ ಅನುಮಾನವಿಲ್ಲ.

ಈಗ ಯೂರಿಯಾ ಬಾಟಲಿಯ ಲೆಕ್ಕ

ಸಾರಜನಕದ ಕಥೆ ಬೇರೆ. ಸಹಕಾರಿ ಸಂಸ್ಥೆ ಇಫ್ಕೋದ ದ್ರವರೂಪದ ನ್ಯಾನೋ ಯೂರಿಯಾಕ್ಕೆ ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದಡಿ ಅನುಮತಿ ಕೊಟ್ಟಿತು. ಮೇ 31ರಂದು ಅದು ಬಿಡುಗಡೆಯಾಯಿತು. 2022ರ ಮೇ ತಿಂಗಳಲ್ಲಿ ಗುಜರಾತಿನ ಕಲೋಲ್‌ನ ಘಟಕವನ್ನು ಪ್ರಧಾನಿ ಮೋದಿ ಉದ್ಘಾಟಿಸಿದರು. ಹೇಳಿಕೆ ಸರಳವಾಗಿತ್ತು: 500 ಮಿಲಿಲೀಟರಿನ ಒಂದು ಬಾಟಲಿ, ಒಂದು ಚೀಲ ಯೂರಿಯಾಕ್ಕೆ ಸಮ.

ಪೆನ್ನು ತಗೊಳ್ಳಿ. ಒಂದು ಚೀಲ ಯೂರಿಯಾ 45 ಕಿಲೋ. ಅದರಲ್ಲಿ ಶೇ. 46 ಸಾರಜನಕ, ಅಂದರೆ 20.7 ಕಿಲೋ. ಬಿಡುಗಡೆಯಾದಾಗ ಬಾಟಲಿಯಲ್ಲಿ ಇದ್ದ ಸಾರಜನಕ ಶೇ. 4. 500 ಮಿಲಿಲೀಟರಿಗೆ 20 ಗ್ರಾಂ. ವ್ಯತ್ಯಾಸ ಸಾವಿರ ಪಟ್ಟು.

'ಮಣ್ಣಿಗೆ ಹಾಕಿದ ಯೂರಿಯಾ ಬಹುಪಾಲು ವ್ಯರ್ಥ ಆಗುತ್ತಲ್ಲ' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆವಿಯಾಗಿ, ನೀರಲ್ಲಿ ಬಸಿದು, ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರಿ ಬಹಳಷ್ಟು ಹಾಳಾಗುತ್ತೆ. ಬೆಳೆಗೆ ದಕ್ಕೋದು ಮೂರನೇ ಒಂದು ಭಾಗ ಅಂತಲೇ ಇಟ್ಟುಕೊಳ್ಳೋಣ. ಚೀಲದ 20.7 ಕಿಲೋದಲ್ಲಿ ಸುಮಾರು 7 ಕಿಲೋ ಗಿಡ ಸೇರಿತು. ಬಾಟಲಿಯ 20 ಗ್ರಾಂ ಒಂದು ಹನಿಯೂ ವ್ಯರ್ಥವಾಗದೆ ಪೂರ್ತಿ ಗಿಡ ಸೇರಿತು. ಆಗಲೂ ವ್ಯತ್ಯಾಸ 350 ಪಟ್ಟು.

ಇನ್ನೂ ಸುಲಭವಾಗಿ ನೋಡಿ. ಒಂದು ಕಿಲೋ ಗೋಧಿ ಕಾಳಿನಲ್ಲಿ ಹೆಚ್ಚುಕಮ್ಮಿ 20 ಗ್ರಾಂ ಸಾರಜನಕ ಇರುತ್ತೆ, ಪ್ರೋಟೀನ್ ರೂಪದಲ್ಲಿ. ಅಂದರೆ ಒಂದು ಎಕರೆಗೆ ಸಿಂಪಡಿಸುವ ಬಾಟಲಿಯ ಸಾರಜನಕವೆಲ್ಲ ಕಾಳಿಗೇ ಹೋದರೂ ಅದು ಸಾಲೋದು ಒಂದೇ ಕಿಲೋ ಗೋಧಿಗೆ. ಗಿಡ ಸಾರಜನಕವನ್ನು ಗಾತ್ರ ನೋಡಿ ಎಣಿಸಲ್ಲ, ತೂಕ ನೋಡಿ ಎಣಿಸುತ್ತೆ.

ಬಾಟಲಿ ಗಿಡದ ಕಿಣ್ವಗಳನ್ನು ಚುರುಕುಗೊಳಿಸಿ ಮಣ್ಣಿನ ಸಾರಜನಕವನ್ನೇ ಹೆಚ್ಚು ಹೀರುವಂತೆ ಮಾಡುತ್ತೆ ಅಂತ ವಾದಿಸುವವರಿದ್ದಾರೆ. ಹಾಗೇ ಆದರೂ ಆ ಸಾರಜನಕ ಬರೋದು ಮಣ್ಣಿನಿಂದಲೇ. ವರ್ಷ ವರ್ಷ ತೆಗೆಯುತ್ತಾ ಹೋಗಿ ವಾಪಸ್ ಹಾಕದೇ ಇದ್ದರೆ ಏನಾಗುತ್ತೆ ಅಂತ ಯಾವ ರೈತನಿಗೂ ಪಾಠ ಹೇಳಬೇಕಾಗಿಲ್ಲ.

ಇದರಲ್ಲಿ ನ್ಯಾನೋ ಎಲ್ಲಿದೆ?

ಇದು ವಿಜ್ಞಾನಿಗಳೇ ಎತ್ತಿದ ಪ್ರಶ್ನೆ. ಯೂರಿಯಾ ನೀರಲ್ಲಿ ಪೂರ್ತಿ ಕರಗುವ ವಸ್ತು. ಕರಗಿದಾಗ ಅದು ಬಿಡಿ ಬಿಡಿ ಅಣುಗಳಾಗುತ್ತೆ. ಒಂದೊಂದು ಅಣುವೂ ಒಂದು ನ್ಯಾನೋಮೀಟರಿಗಿಂತ ಚಿಕ್ಕದು. ನಿಮ್ಮ ಮನೆಯ ಬಕೆಟ್ಟಿನಲ್ಲಿ ಸಾಮಾನ್ಯ ಯೂರಿಯಾ ಕದಡಿದರೂ ಅದು ನ್ಯಾನೋಗಿಂತ ಸಣ್ಣದಾಗಿಯೇ ಇರುತ್ತೆ. ಹಾಗಿದ್ದ ಮೇಲೆ ಅದನ್ನು 20–50 ನ್ಯಾನೋಮೀಟರಿನ ಕಣ ಮಾಡಿದ್ದರಿಂದ ಎಲೆಯೊಳಗೆ ಹೋಗೋದು ಸುಲಭವಾಯ್ತು ಅನ್ನೋ ಮಾತಿಗೆ ಅರ್ಥವೇನು? ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಫ್ರಾಂಕ್ ಮತ್ತು ಸೋರೆನ್ ಹ್ಯೂಸ್ಟೆಡ್ 2023ರಲ್ಲಿ 'ಪ್ಲಾಂಟ್ ಅಂಡ್ ಸಾಯಿಲ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಇಫ್ಕೋದ ಹೇಳಿಕೆಗಳಿಗೆ ತಕ್ಕ ವೈಜ್ಞಾನಿಕ ಆಧಾರ ಇಲ್ಲ ಅಂತ ವಾದಿಸಿದರು. ಲೇಖನದ ಶೀರ್ಷಿಕೆಯೇ, ಭಾರತದ ಅತಿದೊಡ್ಡ ಗೊಬ್ಬರ ತಯಾರಕ ಸಂಸ್ಥೆ ರೈತರನ್ನೂ ಸಮಾಜವನ್ನೂ ದಾರಿತಪ್ಪಿಸುತ್ತಿದೆಯೇ ಅಂತ ಕೇಳುವಂಥದ್ದು.

ಅಂದಹಾಗೆ, ಎಲೆಗೆ ಯೂರಿಯಾ ಸಿಂಪಡಿಸೋದು ಹೊಸದೇನಲ್ಲ. ಶೇ. 2ರ ಯೂರಿಯಾ ದ್ರಾವಣ ಸಿಂಪಡಿಸಿ ಅಂತ ಕೃಷಿ ಅಧಿಕಾರಿಗಳು ದಶಕಗಳಿಂದ ಹೇಳುತ್ತಾ ಬಂದಿದ್ದಾರೆ. ಎಕರೆಗೆ 125 ಲೀಟರ್ ನೀರು ಅಂತ ಇಟ್ಟುಕೊಂಡರೆ ಬೇಕಾಗೋದು ಎರಡೂವರೆ ಕಿಲೋ ಯೂರಿಯಾ. ಸಬ್ಸಿಡಿ ದರದಲ್ಲಿ ಅದರ ಬೆಲೆ ಸುಮಾರು 15 ರೂಪಾಯಿ. ಅದರಲ್ಲಿರುವ ಸಾರಜನಕ 1.15 ಕಿಲೋ, ಬಾಟಲಿಯಲ್ಲಿದ್ದದ್ದರ 57 ಪಟ್ಟು. ಬಾಟಲಿಯ ಬೆಲೆ 225 ರೂಪಾಯಿ.

ಪಂಜಾಬಿನ ಗದ್ದೆ ಹೇಳಿದ್ದೇನು?

ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಎರಡು ವರ್ಷ ಭತ್ತ ಮತ್ತು ಗೋಧಿಯ ಮೇಲೆ ಪ್ರಯೋಗ ಮಾಡಿತು. ಶಿಫಾರಸು ಮಾಡಿದ ಸಾರಜನಕದಲ್ಲಿ ಒಂದು ಭಾಗ ಕಡಿತ ಮಾಡಿ, ಆ ಜಾಗದಲ್ಲಿ ನ್ಯಾನೋ ಯೂರಿಯಾ ಸಿಂಪಡಿಸಿ ನೋಡಿತು. ಪೂರ್ತಿ ಶಿಫಾರಸು ಪಡೆದ ಬೆಳೆಗೆ ಹೋಲಿಸಿದರೆ ಗೋಧಿ ಇಳುವರಿ ಶೇ. 21.6, ಭತ್ತದ ಇಳುವರಿ ಶೇ. 13ರಷ್ಟು ಕುಸಿಯಿತು.

ಸುದ್ದಿಯಲ್ಲಿ ಎದ್ದು ಕಂಡಿದ್ದು ಇಳುವರಿ. ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಇನ್ನೊಂದು ಅಂಕಿ. ಕಾಳಿನೊಳಗಿನ ಸಾರಜನಕ ಅಕ್ಕಿಯಲ್ಲಿ ಶೇ. 17, ಗೋಧಿಯಲ್ಲಿ ಶೇ. 11.5ರಷ್ಟು ಕಡಿಮೆಯಾಗಿತ್ತು. ಕಾಳಿನ ಸಾರಜನಕ ಅಂದರೆ ಪ್ರೋಟೀನ್. ಮೊಟ್ಟೆ, ಮಾಂಸ, ಬೇಳೆ ಧಾರಾಳವಾಗಿ ತಿನ್ನುವ ಮನೆಗೆ ಇದು ದೊಡ್ಡ ವಿಷಯ ಅಲ್ಲದಿರಬಹುದು. ದಿನದ ಪ್ರೋಟೀನಿನ ದೊಡ್ಡ ಪಾಲು ರೇಷನ್ ಅಕ್ಕಿಯಿಂದಲೇ ಬರುವ ಮನೆಗೆ ಇದು ದೊಡ್ಡ ವಿಷಯ. ಚೀಲದ ತೂಕ ನೋಡಿ ಖುಷಿಪಡುವ ಸರ್ಕಾರಿ ಲೆಕ್ಕದಲ್ಲಿ ಈ ನಷ್ಟ ಎಲ್ಲೂ ಕಾಣಲ್ಲ. ಗೊಬ್ಬರದ ಪ್ರಶ್ನೆ ಇಲ್ಲಿಗೆ ಬಂದು ಊಟದ ಪ್ರಶ್ನೆಯಾಗುತ್ತೆ.

ಇಫ್ಕೋ ಈ ಟೀಕೆಗಳನ್ನು ಒಪ್ಪಿಲ್ಲ. 94 ಬೆಳೆಗಳ ಮೇಲೆ, ಸುಮಾರು 11 ಸಾವಿರ ರೈತರ ಹೊಲಗಳಲ್ಲಿ ಪರೀಕ್ಷೆ ನಡೆದಿದೆ, ಇಳುವರಿ ಸರಾಸರಿ ಶೇ. 8ರಷ್ಟು ಹೆಚ್ಚಿದೆ ಅನ್ನೋದು ಅದರ ವಾದ. ಆಮೇಲೆ ಅದು 'ನ್ಯಾನೋ ಯೂರಿಯಾ ಪ್ಲಸ್' ತಂದು, ಸಾರಜನಕವನ್ನು ಶೇ. 20ಕ್ಕೆ ಏರಿಸಿತು. ಈಗ ಬಾಟಲಿಯಲ್ಲಿ 100 ಗ್ರಾಂ. ಚೀಲಕ್ಕಿಂತ ಇನ್ನೂ 200 ಪಟ್ಟು ಕಡಿಮೆ. ಮೊದಲಿನ 20 ಗ್ರಾಂ ಒಂದು ಚೀಲಕ್ಕೆ ಸಮ ಆಗಿದ್ದಿದ್ದರೆ ಐದು ಪಟ್ಟು ಏರಿಸುವ ಅಗತ್ಯ ಯಾಕೆ ಬಂತು ಅಂತ ಕೇಳೋ ಹಕ್ಕು ಬಾಟಲಿ ಕೊಂಡ ರೈತನಿಗೆ ಇದೆ.

2023ರಲ್ಲಿ ಬಂದ ನ್ಯಾನೋ ಡಿಎಪಿಗೂ ಇದೇ ಲೆಕ್ಕ ಹಾಕಿ ನೋಡಿ. 50 ಕಿಲೋ ಡಿಎಪಿ ಚೀಲದಲ್ಲಿ 23 ಕಿಲೋ ರಂಜಕ ಪೋಷಕಾಂಶ. 500 ಮಿಲಿಲೀಟರ್ ಬಾಟಲಿಯಲ್ಲಿ ಶೇ. 16ರಂತೆ 80 ಗ್ರಾಂ.

ಸರ್ಕಾರಕ್ಕೆ ಯಾಕಿಷ್ಟು ಪ್ರೀತಿ?

ಉತ್ತರ ಬಜೆಟ್ಟಿನಲ್ಲಿದೆ. 2022–23ರಲ್ಲಿ ರಸಗೊಬ್ಬರ ಸಬ್ಸಿಡಿ 2.5 ಲಕ್ಷ ಕೋಟಿ ರೂಪಾಯಿ ದಾಟಿತು. ಯೂರಿಯಾ ಚೀಲಕ್ಕೆ ರೈತ ಕೊಡೋದು 266 ರೂಪಾಯಿ ಚಿಲ್ಲರೆ, ಉಳಿದದ್ದು ಸರ್ಕಾರದ್ದು. ನ್ಯಾನೋ ಬಾಟಲಿಗೆ ಸಬ್ಸಿಡಿ ಇಲ್ಲ. ಹಾಗಾಗಿ ಒಂದು ಚೀಲದ ಬದಲು ಒಂದು ಬಾಟಲಿ ಹೋದರೆ ಖಜಾನೆಗೆ ಉಳಿತಾಯ, ಆಮದಿನ ಹೊರೆಯೂ ಇಳಿಕೆ. ಈ ಆಸೆಯಲ್ಲಿ ತಪ್ಪಿಲ್ಲ. ಯೂರಿಯಾದ ಅತಿಬಳಕೆ ನಮ್ಮ ಮಣ್ಣನ್ನೂ ಅಂತರ್ಜಲವನ್ನೂ ಕೆಡಿಸಿದೆ ಅನ್ನೋದೂ ಸತ್ಯ. ಆದರೆ ಬಾಟಲಿ ಕೆಲಸ ಮಾಡದೇ ಹೋದರೆ ಉಳಿತಾಯ ಖಜಾನೆಯದ್ದು, ನಷ್ಟ ಹೊಲದ್ದು. ಪ್ರಯೋಗದ ಅಪಾಯವನ್ನು ಹೊರಬೇಕಾದವರು ಯಾರು ಅನ್ನೋದು ರಾಜಕೀಯ ಪ್ರಶ್ನೆ. ಅದನ್ನು ಪ್ರಯೋಗಶಾಲೆಗೆ ತಳ್ಳಿ ಕೈತೊಳೆದುಕೊಳ್ಳೋಕೆ ಆಗಲ್ಲ.

ಅದಕ್ಕಿಂತ ಬೇಜಾರಿನ ಸಂಗತಿ ಮಾರಾಟದ ರೀತಿ. ನಮ್ಮ ಕಡೆಯ ಗೊಬ್ಬರದಂಗಡಿಯೊಂದರಲ್ಲಿ ಯೂರಿಯಾ ಚೀಲ ಕೇಳಿದಾಗ ಬಾಟಲಿಯೂ ಜತೆಗೇ ಬಿಲ್ಲಿಗೆ ಸೇರಿದ್ದನ್ನು ನಾನೇ ಕಂಡಿದ್ದೇನೆ. 'ಬೇಡ' ಅಂದರೆ 'ಚೀಲವೂ ಇಲ್ಲ' ಅನ್ನೋ ಉತ್ತರ. ಇದು ಒಂದೂರಿನ ಕಥೆ ಅಲ್ಲ. 2025ರ ಜುಲೈನಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರೇ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಸಬ್ಸಿಡಿ ಗೊಬ್ಬರದ ಜತೆ ನ್ಯಾನೋ ಗೊಬ್ಬರ, ಜೈವಿಕ ಉತ್ತೇಜಕಗಳನ್ನು ಬಲವಂತವಾಗಿ ಕಟ್ಟಿ ಮಾರುವುದನ್ನು ತಕ್ಷಣ ನಿಲ್ಲಿಸಬೇಕು ಅಂದರು. ನಿಜಕ್ಕೂ ಕೆಲಸ ಮಾಡುವ ಗೊಬ್ಬರವಾದರೆ ಎರಡನೇ ವರ್ಷ ರೈತ ತಾನಾಗಿಯೇ ಕೇಳಿಕೊಂಡು ಬರುತ್ತಾನೆ. ಅವನಷ್ಟು ಕಟ್ಟುನಿಟ್ಟಿನ ಪರೀಕ್ಷಕ ಇನ್ನೊಬ್ಬನಿಲ್ಲ.

ಸಾರಜನಕಕ್ಕೆ ನ್ಯಾನೋ ದಾರಿಯೇ ಇಲ್ವಾ?

ಇದೆ, ಆದರೆ ಅದು ಬೇರೆ ದಾರಿ. ಶ್ರೀಲಂಕಾದ ನಿಲ್ವಲಾ ಕೊಟ್ಟೇಗೋಡ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಕೆಲಸ ನೋಡಿ. ನಮ್ಮ ಮೂಳೆ, ಹಲ್ಲುಗಳಲ್ಲಿರುವ ಹೈಡ್ರಾಕ್ಸಿ ಅಪಟೈಟ್ ಅನ್ನೋ ಖನಿಜದ ನ್ಯಾನೋ ಕಣಗಳಿಗೆ ಯೂರಿಯಾವನ್ನು ಅಂಟಿಸಿದರು. ಆರು ಪಾಲು ಯೂರಿಯಾಕ್ಕೆ ಒಂದು ಪಾಲು ಖನಿಜ. ಮಣ್ಣಿಗೆ ಬಿದ್ದ ಮೇಲೆ ಯೂರಿಯಾ ಒಮ್ಮೆಲೇ ಕರಗಿ ಹೋಗದೆ ನಿಧಾನವಾಗಿ ಬಿಡುಗಡೆಯಾಗುತ್ತೆ. ಭತ್ತದ ಗದ್ದೆಯಲ್ಲಿ ಅರ್ಧದಷ್ಟು ಯೂರಿಯಾ ಸಾಕಾಯ್ತು, ಇಳುವರಿ ಬೀಳಲಿಲ್ಲ. ಗಮನಿಸಿ, ಇಲ್ಲಿ ಉಳಿತಾಯ ಎರಡು ಪಟ್ಟು, ಸಾವಿರ ಪಟ್ಟಲ್ಲ. ವಿಜ್ಞಾನದ ಪ್ರಾಮಾಣಿಕ ಲಾಭಗಳು ಸಾಮಾನ್ಯವಾಗಿ ಇಂಥ ಸಾಧಾರಣ ಅಂಕಿಗಳಲ್ಲೇ ಬರುತ್ತವೆ.

ಅದೇ ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿತು. ಭತ್ತದ ಹಂಗಾಮು ಹತ್ತಿರ ಬಂದಾಗ ಭಾರತದಿಂದ ದ್ರವರೂಪದ ನ್ಯಾನೋ ಸಾರಜನಕವನ್ನು ವಿಮಾನದಲ್ಲಿ ತರಿಸಿಕೊಂಡಿತು. ಅಕ್ಕಿ ಉತ್ಪಾದನೆ ಕುಸಿಯಿತು, ನಿಷೇಧ ವಾಪಸಾಯಿತು. ಬಾಟಲಿ ಆ ದೇಶವನ್ನು ಉಳಿಸಲಿಲ್ಲ.

ಮಣ್ಣಿಗೆ, ಊಟಕ್ಕೆ ಅಪಾಯ ಇದೆಯಾ?

ವಸ್ತುವನ್ನು ಅವಲಂಬಿಸಿ ಇದೆ. 2012ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ವಿಜ್ಞಾನಿಗಳು ಸೋಯಾ ಗಿಡಗಳನ್ನು ಎರಡು ಬಗೆಯ ನ್ಯಾನೋ ಕಣ ಬೆರೆಸಿದ ಮಣ್ಣಲ್ಲಿ ಕಾಯಿ ಕಟ್ಟುವ ತನಕ ಬೆಳೆಸಿದರು. ಸತುವಿನ ಆಕ್ಸೈಡ್ ಇದ್ದ ಮಣ್ಣಿನಲ್ಲಿ ಎಲೆಗೂ ಕಾಳಿಗೂ ಸತು ಸೇರಿಕೊಂಡಿತು. ಡೀಸೆಲ್ ಸೇರ್ಪಡೆಯಾಗಿ ಬಳಸುವ ಸೀರಿಯಂ ಆಕ್ಸೈಡ್ ಹೆಚ್ಚಿದ್ದ ಮಣ್ಣಿನಲ್ಲಿ ಬೇರುಗಂಟುಗಳ ಸಾರಜನಕ ಸ್ಥಿರೀಕರಣವೇ ಬಹುತೇಕ ನಿಂತುಹೋಯಿತು. ಗಾಳಿಯಿಂದ ಪುಕ್ಕಟೆ ಗೊಬ್ಬರ ತಯಾರಿಸುವ ಬೆಳೆ ಆ ಶಕ್ತಿಯನ್ನೇ ಕಳೆದುಕೊಂಡಿತು. ತೊಗರಿ, ಕಡಲೆ, ಹೆಸರು ಬೆಳೆಯುವ ನಮ್ಮ ನಾಡಿಗೆ ಇದು ದೂರದ ಸುದ್ದಿ ಅಲ್ಲ.

ಯೂರಿಯಾ ಬಾಟಲಿಯೂ ಸೀರಿಯಂ ಕಣವೂ ಒಂದೇ ಅಂತ ನಾನು ಹೇಳ್ತಿಲ್ಲ. ಯೂರಿಯಾ ಕರಗಿ ಹೋಗುತ್ತೆ, ಲೋಹದ ಕಣ ಮಣ್ಣಲ್ಲಿ ಉಳಿಯಬಹುದು. ಅದಕ್ಕೇ 'ನ್ಯಾನೋ' ಅನ್ನೋ ಒಂದೇ ಹಣೆಪಟ್ಟಿ ಹಚ್ಚಿ ಎಲ್ಲಕ್ಕೂ ಒಂದೇ ಅನುಮತಿ ಕೊಡೋದು ತಪ್ಪು, ಒಂದೇ ನಿಷೇಧ ಹೇರೋದೂ ತಪ್ಪು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರ ಜುಲೈನಲ್ಲಿ ನ್ಯಾನೋ ಕೃಷಿ ಒಳಸುರಿ ಮತ್ತು ಆಹಾರ ಪದಾರ್ಥಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ತಂದಿತು. ಮಾರ್ಗಸೂಚಿ ಇದ್ದರೆ ಸಾಲದು. ಪ್ರತಿ ಉತ್ಪನ್ನದ ಪರೀಕ್ಷೆಯ ದತ್ತಾಂಶ ನಾವು ನೀವು ಓದುವಂತೆ ಹೊರಗೆ ಇರಬೇಕು.

ಮುಂದಿನ ಬಾಟಲಿ ಬಂದಾಗ ಕೇಳಬೇಕಾದ ನಾಲ್ಕು ಪ್ರಶ್ನೆ

ಇದು ಕೊನೆಯ ನ್ಯಾನೋ ಉತ್ಪನ್ನವಂತೂ ಅಲ್ಲ. ಸತು, ತಾಮ್ರ, ಇನ್ನೂ ಏನೇನೋ ಬರುತ್ತವೆ. ನೀವು ಊರಿನ ಗ್ರಾಮಸಭೆಯಲ್ಲಿ ಇರಿ, ವಿದ್ಯಾರ್ಥಿ ಸಂಘಟನೆಯಲ್ಲಿರಿ, ಬರೀ ವಾಟ್ಸಾಪ್ ಗುಂಪಿನಲ್ಲಿರಿ, ಈ ನಾಲ್ಕು ಪ್ರಶ್ನೆ ಇಟ್ಟುಕೊಂಡಿರಿ.

ಒಂದು: ಬಾಟಲಿಯಲ್ಲಿ ಪೋಷಕಾಂಶ ಎಷ್ಟು ಗ್ರಾಂ ಇದೆ, ಬೆಳೆಗೆ ಎಷ್ಟು ಬೇಕು? ಇದು ಕೂಡಿ ಕಳೆಯುವ ಲೆಕ್ಕ, ತಜ್ಞರೇ ಬೇಕಾಗಿಲ್ಲ.

ಎರಡು: ಯಾವುದರ ಜತೆ ಹೋಲಿಸಿದ್ದಾರೆ? ಏನೂ ಹಾಕದ ಹೊಲದ ಜತೆಯೋ, ಅದೇ ಪೋಷಕಾಂಶದ ಅಗ್ಗದ ಸಾಮಾನ್ಯ ರೂಪದ ಜತೆಯೋ?

ಮೂರು: ಎಷ್ಟು ಹಂಗಾಮು, ಯಾರ ಹೊಲ, ಯಾರ ದುಡ್ಡು? ಮಾರುವ ಸಂಸ್ಥೆಯೇ ಪರೀಕ್ಷೆಗೂ ಹಣ ಕೊಟ್ಟಿದ್ದರೆ, ಕೊಡದೇ ಇರುವವರ ಫಲಿತಾಂಶ ಏನು?

ನಾಲ್ಕು: ಚೀಲದ ತೂಕ ಬಿಟ್ಟು ಕಾಳಿನೊಳಗೆ ಏನಾಯ್ತು? ಪ್ರೋಟೀನ್, ಸತು, ಕಬ್ಬಿಣ ಹೆಚ್ಚಾಯ್ತಾ, ಕಡಿಮೆ ಆಯ್ತಾ?

ತಿರುಪತಿಯ ನ್ಯಾನೋ ಸತುವಿನ ಅಧ್ಯಯನ ಮೊದಲ ಎರಡು ಪ್ರಶ್ನೆಗೆ ನೇರವಾಗಿ ಉತ್ತರ ಕೊಡುತ್ತೆ. ನ್ಯಾನೋ ಯೂರಿಯಾ ಮೊದಲ ಪ್ರಶ್ನೆಯಲ್ಲೇ ತಡವರಿಸುತ್ತೆ. ರೈತ ವಿಜ್ಞಾನಕ್ಕೆ ಎಂದೂ ವಿರೋಧಿಯಾಗಿರಲಿಲ್ಲ. ಹೊಸ ತಳಿ, ಹನಿ ನೀರಾವರಿ, ಮಣ್ಣು ಪರೀಕ್ಷೆ, ಕೆಲಸ ಮಾಡಿದ್ದನ್ನೆಲ್ಲ ಅವನು ಒಪ್ಪಿಕೊಂಡಿದ್ದಾನೆ. ಅವನು ಕೇಳ್ತಿರೋದು ಇಷ್ಟೇ: ಯೂರಿಯಾ ಕೊಡೋಕಾಗದಿದ್ದರೆ ಆಗಲ್ಲ ಅಂತ ಹೇಳಿ. ಕೊರತೆಯನ್ನು ತಂತ್ರಜ್ಞಾನ ಅಂತ ಹೆಸರಿಟ್ಟು ನನಗೇ ಮಾರಬೇಡಿ.